ಸಾರು ಚೆಲ್ಲಬಾರದು

ಅಜ್ಜಿ ಕನ್ನಡಿಯ ಮುಂದೆ ನಿಂತು ಟೋಪಿಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು. ಒಂದಲ್ಲ, ನಾಲ್ಕು. ಅವಳು ಬೆನ್ನು ತಿರುಗಿಸಿದ್ದ ಆ ಗಳಿಗೆಯಲ್ಲೇ ಲವೆಲ್ ತನ್ನ ಫೋನನ್ನು ಅವಳ ಕೈಚೀಲದ ಆಳಕ್ಕೆ, ಹಾಡಿನ ಪುಸ್ತಕದ ಕೆಳಗೆ ಜಾರಿಸಿದ.

“ಏನೋ ಅದು ಸದ್ದು?”

“ಏನಿಲ್ಲ ಅಜ್ಜಿ, ಒಂದು ಪೆಪ್ಪರ್‌ಮಿಂಟ್ ತಗೊಂಡೆ.”

“ಕೇಳಿ ತಗೋ. ಕದ್ದುಮುಚ್ಚಿ ಮಾಡೋರ ಮನೆ ಅಲ್ಲ ಇದು.”

ಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದೆ. ಡೆಟ್ರಾಯಿಟ್‌ನ ಲವೆಲ್‌ನ ಪ್ರಾಣ ಆ ಬೇಸಿಗೆಯಲ್ಲಿ ಈ ಫೋನಿನಲ್ಲಿತ್ತು. ಹಾಗೆ ಇಟ್ಟವನು ಕಾರು ವಿಮೆಯ ಏಜೆಂಟ್ ಕೊವಾಲ್‌ಸ್ಕಿ. ಮಿಷಿಗನ್ ರಾಜ್ಯದಲ್ಲಿ ವಿಮೆಯ ಕಾಯ್ದೆ ಬದಲಾಗುವ ಮೊದಲಿನ ಮಾತು ಇದು.

“ನಿನಗೆ ಇಪ್ಪತ್ತೆರಡು ವಯಸ್ಸು, ಅದೊಂದು ತಪ್ಪು,” ಎಂದು ಅವನು ಬೆರಳು ಮಡಚಿದ್ದ. “ಮದುವೆ ಆಗಿಲ್ಲ, ಇನ್ನೊಂದು. ಮನೆ ಊರಿನ ಗಡಿಯ ಎಂಟು ಮೈಲಿ ರಸ್ತೆಯ ಈಚೆ ಇದೆ, ಅದಂತೂ ದೊಡ್ಡ ತಪ್ಪು. ಆಚೆ ಬದಿಗೆ ಮನೆ ಮಾಡು, ಕಂತು ಅರ್ಧಕ್ಕರ್ಧ ಇಳಿಯುತ್ತೆ.”

“ಸರ್, ನಾನು ಈವರೆಗೆ ಯಾರಿಗೂ ಗುದ್ದಿಲ್ಲ. ಒಂದು ದಂಡಾನೂ ಕಟ್ಟಿಲ್ಲ.”

“ಗೊತ್ತಪ್ಪಾ. ಆದ್ರೆ ನೀನು ಗುದ್ದೋ ಥರದವನು ಅಂತ ಕಂಪ್ಯೂಟರ್ ಹೇಳ್ತಿದೆಯಲ್ಲ. ಮುದುಕನಾಗು, ಮದುವೆಯಾಗು, ಇಲ್ಲಾ ರಸ್ತೆ ದಾಟು. ಯಾವುದು ಬೇಗ ಆಗುತ್ತೋ ನೋಡು.”

ಜಗತ್ತಿಗೆಲ್ಲ ಕಾರು ಮಾಡಿಕೊಟ್ಟ ಊರಿನಲ್ಲಿ ಕಾರು ಇಟ್ಟುಕೊಳ್ಳುವುದು ಆನೆ ಸಾಕಿದಂತಾಗಿತ್ತು. ಲವೆಲ್ ಕಾರಿನ ಸೀಟು ಹೊಲಿಯುವ ಕಾರ್ಖಾನೆಗೆ ಬಸ್ಸು ಹೋಗುತ್ತಿರಲಿಲ್ಲ. ವಿಮೆಯಿಲ್ಲದೆ ಕಾರು ತೆಗೆಯುವಂತಿಲ್ಲ. ಕಾರಿಲ್ಲದಿದ್ದರೆ ಕೆಲಸ ಹೋಯಿತೆಂದೇ ಲೆಕ್ಕ.

ಅವನ ಮುಖ ನೋಡಿ ಕೊವಾಲ್‌ಸ್ಕಿಗೆ ಕನಿಕರ ಹುಟ್ಟಿತು. “ಫೋನಿಗೊಂದು ಆ್ಯಪ್ ಹಾಕ್ಕೊಡ್ತೀನಿ. ವೇಗ, ಬ್ರೇಕು, ತಿರುವು, ಎಲ್ಲಾನೂ ನೋಡ್ಕೊಳ್ಳುತ್ತೆ. ಅಂಕ ನಮಗಷ್ಟೇ ಕಾಣುತ್ತೆ. ಬೇಸಿಗೆ ಮುಗಿಯೋ ತನಕ ತಾತ್ಕಾಲಿಕ ಪಾಲಿಸಿ ಕೊಡ್ತೀನಿ. ಒಳ್ಳೆಯವನಾಗಿರು, ಕಂತು ಇಳಿಯುತ್ತೆ. ಇಲ್ಲಾಂದ್ರೆ ಆಮೇಲೆ ಪಾಲಿಸಿನೇ ಇಲ್ಲ. ನಿಮ್ಮಜ್ಜಿಗೂ ಹಾಕ್ಕೊಟ್ಟಿದೀನಿ. ವಯಸ್ಸಾಯ್ತು ಅಂತ ಅವರ ಕಂತೂ ಏರಿತ್ತು, ಪಾಪ.”

ಲವೆಲ್‌ಗೆ ತನ್ನ ಮೇಲಿನ ನಂಬಿಕೆಯೇ ಹೋಯಿತು. ಕಂಪ್ಯೂಟರ್ ಅಷ್ಟು ಖಚಿತವಾಗಿ ಹೇಳಿದ ಮೇಲೆ ತಾನು ಗುದ್ದುವ ಥರದವನೇ ಇರಬೇಕು. ಆದರೆ ಒಡೆಸ್ಸಾ ಅಜ್ಜಿ? ಅವಳು ಚರ್ಚಿನಲ್ಲಿ ಮೊದಲ ಸಾಲಿನವಳು. ಮನೆ ಬಿಟ್ಟು ಬರಲಾಗದ ಮುದುಕರಿಗೆ ದಿನವೂ ಚರ್ಚಿನ ಊಟ ಮುಟ್ಟಿಸುವವಳು. ಊರಿನ ಕೊನೆಯ ಮನೆಗೂ ಊಟ ಹೊಗೆಯಾಡುತ್ತಲೇ ತಲುಪುತ್ತಿತ್ತು. “ಒಡೆಸ್ಸಾಳ ಕಾರಿನಲ್ಲಿ ಕೂತಾಗ ದೇವರನ್ನು ನೆನೆದಷ್ಟು ನಾನು ಇಲ್ಲಿ ನಿಂತೂ ನೆನೆದಿಲ್ಲ” ಎಂದು ಪಾದ್ರಿಗಳೇ ಎಲ್ಲರೆದುರು ಹೇಳಿದ್ದರು. ಸಭೆ ಭಕ್ತಿಯಿಂದ ‘ಆಮೆನ್’ ಎಂದಿತ್ತು. ಪಕ್ಕದ ಮನೆಯ ವರ್ಲೀನ್ ಮಾತ್ರ ಅಜ್ಜಿಯ ಕಾರು ಬಿಟ್ಟು ಹಿಮದಲ್ಲೂ ನಡೆದೇ ಚರ್ಚಿಗೆ ಹೋಗುತ್ತಿದ್ದಳು. ನಡಿಗೆ ಆರೋಗ್ಯಕ್ಕೆ ಒಳ್ಳೆಯದಂತೆ.

ಕಾರ್ಖಾನೆಯೊಳಗೆ ಹೇಗೂ ಫೋನು ಒಯ್ಯುವಂತಿರಲಿಲ್ಲ. ಹಾಗಾಗಿ ಆ ಬೇಸಿಗೆಯುದ್ದಕ್ಕೂ ಲವೆಲ್‌ನ ಫೋನು ಅಜ್ಜಿಯ ಕೈಚೀಲದಲ್ಲಿ ಕೂತು ಪುಣ್ಯ ಸಂಪಾದಿಸಿತು.

ಅಜ್ಜಿಯೂ ಅವನನ್ನು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಅವನಿಗಾಗಿ ಊಟದ ಚೀಲವೊಂದನ್ನು ಹೊಲಿದಿದ್ದಳು. ತಳ ನಾಲ್ಕು ಬೆರಳು ದಪ್ಪ, ಬಿಸಿ ಆರಬಾರದೆಂದು. ಅದರಲ್ಲೊಂದು ಡಬ್ಬಿ, ಡಬ್ಬಿಯ ಕಂಠಮಟ್ಟ ಸೊಪ್ಪಿನ ಸಾರು, ಮುಚ್ಚಳ ಸಡಿಲ. ಚೀಲವನ್ನು ತಾನೇ ಒಯ್ದು ಕಾರಿನ ಸೀಟಿನ ಮೇಲೆ ಕೂರಿಸುತ್ತಿದ್ದಳು. ಸಂಜೆ ತಾನೇ ಇಳಿಸಿಕೊಳ್ಳುತ್ತಿದ್ದಳು.

“ಒಂದು ಹನಿ ಚೆಲ್ಲಿದ್ರೂ ನನ್ನಾಣೆ. ನಿಧಾನ, ಮಗೂ.”

ಲವೆಲ್ ತುಂಬಿದ ಕೊಡ ಹೊತ್ತ ಹೊಸ ಸೊಸೆಯ ಹಾಗೆ ಕಾರು ನಡೆಸುತ್ತಿದ್ದ. ಹಿಂದಿನವರು ಹಾರ್ನು ಬಜಾಯಿಸಿ ಬೈದು ಮುಂದೆ ಹೋಗುತ್ತಿದ್ದರು. ಒಮ್ಮೆ ಶವದ ಮೆರವಣಿಗೆಯೇ ಅವನನ್ನು ಹಿಂದೆ ಹಾಕಿತು.

ಬೇಸಿಗೆ ಮುಗಿಯಿತು. ಅಂದಿನ ಕೆಲಸ ಮುಗಿಸಿದವನೇ ಲವೆಲ್ ಕೊವಾಲ್‌ಸ್ಕಿಯ ಆಫೀಸಿಗೆ ಹೋದ, ಮುಖ ತೊಳೆದುಕೊಂಡು, ತಲೆ ಬಾಚಿಕೊಂಡು.

“ಏನಯ್ಯಾ, ಬ್ಯಾಂಕ್ ದೋಚಿಕೊಂಡು ಓಡ್ತಿದ್ಯಾ?” ಎಂದ ಕೊವಾಲ್‌ಸ್ಕಿ. “ಇದೇನು ಬ್ರೇಕು, ಇದೇನು ತಿರುವು! ಇಷ್ಟು ಕಡಿಮೆ ಅಂಕ ನನ್ನ ಸರ್ವೀಸಲ್ಲೇ ನೋಡಿಲ್ಲ. ಕಂಪ್ಯೂಟರ್ ಹೇಳಿದ್ದು ಸುಳ್ಳಾಯ್ತಾ? ಪಾಲಿಸಿ ಇಲ್ಲ, ಹೋಗು.”

ಮನೆಗೆ ಬಂದವನು ಊಟದ ಚೀಲವನ್ನು ಅಡುಗೆಮನೆಯ ಮೇಜಿನ ಮೇಲೆ ಬಿಸಾಡಿದ. ಅಜ್ಜಿ ಒಲೆಯ ಮುಂದೆ ನಿಂತು ಗುನುಗುತ್ತಿದ್ದಳು.

“ನನ್ನ ಕಂತು ಅರ್ಧಕ್ಕೆ ಇಳೀತು ಮಗೂ! ಮಧ್ಯಾಹ್ನ ಕೊವಾಲ್‌ಸ್ಕಿ ಬಂದು ಹೇಳಿಹೋದ. ಇಡೀ ಮಿಷಿಗನ್‌ನಲ್ಲಿ ಇಂಥ ಹದವಾದ ಕೈ ಇನ್ನೊಂದಿಲ್ವಂತೆ.”

ಲವೆಲ್‌ನ ಕಣ್ಣು ಕೆಂಪಾಯಿತು. ಅದೇ ಕಾರು, ಅದೇ ಕೈ, ಅದೇ ರಸ್ತೆ. ಅಜ್ಜಿಯ ಫೋನಿಗೆ ದೇವತೆ, ಅವನ ಫೋನಿಗೆ ರಾಕ್ಷಸ! ಅಂದರೆ ಆ ಆ್ಯಪ್ ರಸ್ತೆಯನ್ನು ನೋಡಿಯೇ ಇಲ್ಲ. ಫೋನು ಯಾರದೆಂದು ನೋಡಿ ಅಂಕ ಬರೆದಿದೆ. ಕಳ್ಳರು!

“ಸಿಕ್ಕಿಬಿದ್ರು ಅಜ್ಜಿ!” ಎಂದು ಕೂಗಿದ. “ಬೈಬೇಡ, ನಾನೊಂದು ತಪ್ಪು ಮಾಡಿದೀನಿ. ಬೇಸಿಗೆಯೆಲ್ಲ ನನ್ನ ಫೋನ್ ನಿನ್ನ ಕೈಚೀಲದಲ್ಲೇ ಇತ್ತು. ಎರಡೂ ಫೋನು ಒಂದೇ ಕಾರಲ್ಲಿದ್ವು! ನಾಳೇನೇ ವಕೀಲರ ಹತ್ರ ಹೋಗೋಣ. ನೀನು ಸಾಕ್ಷಿ ಹೇಳಿದ್ರೆ ಸಾಕು, ಪಾಲಿಸಿ ಓಡಿ ಬರುತ್ತೆ.”

ಅಜ್ಜಿಯ ಸೌಟು ನಿಂತಿತು. ಗುನುಗು ನಿಂತಿತು. ಅವಳು ಒಲೆ ಆರಿಸಿ, ಕುರ್ಚಿ ಎಳೆದು ಕೂತಳು.

“ಆ ಸಾಕ್ಷಿ ನನ್ನ ಕೈಲಿ ಹೇಳಕ್ಕಾಗಲ್ಲ, ಮಗೂ.”

ಅವನ ಊಟದ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡು, ಆ ದಪ್ಪ ತಳದ ಗುಂಡಿ ಬಿಚ್ಚಿ, ಸೊಪ್ಪಿನ ಸಾರಿನ ವಾಸನೆ ಹಿಡಿದಿದ್ದ ತನ್ನ ಫೋನನ್ನು ತೆಗೆದು ಮೇಜಿನ ಮೇಲಿಟ್ಟಳು.