ಇಪ್ಪತ್ನಾಲ್ಕು ನೆಂಟರು

ನಾಲ್ಕನೇ ಗುಂಡಿಗೆ ಪಿಸ್ತೂಲು ಕಚ್ಚಿಕೊಂಡಿತು. ಅದೂ ಯಾರ ಕೈಯಲ್ಲಿ? ತರಬೇತಿ ಶಾಲೆಯ ಮುಖ್ಯಾಧಿಕಾರಿ ಮೇಡಂ ಕೈಯಲ್ಲಿ, ಅರವತ್ತು ಜನ ಅಭ್ಯರ್ಥಿಗಳ ಕಣ್ಣೆದುರಿಗೆ. ಮೇಡಂ ಪಿಸ್ತೂಲಿನ ಹಿಡಿಯೊಳಗಿಂದ ಮ್ಯಾಗಜಿನ್ ಎಳೆದು ತೆಗೆದರು. ಗುಂಡು ತುಂಬುವ ಆ ಉಕ್ಕಿನ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಆಯುಧ ಕೋಣೆಯ ಹವಾಲ್ದಾರನ ಮುಖಕ್ಕೆ ಹಿಡಿದರು.

"ಯಾವುದ್ರೀ ಇದು?"

"ಮ್ಯಾಗಜಿನ್ನು ಮೇಡಂ."

"ಅದು ನನಗೂ ಗೊತ್ತು. ಎಷ್ಟನೇದು?"

"ನಮ್ಮಲ್ಲಿ ಇಪ್ಪತ್ನಾಲ್ಕು ಇವೆ ಮೇಡಂ. ಅದರಲ್ಲಿ ಇದೂ ಒಂದು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಶುಕ್ರವಾರದೊಳಗೆ ಒಂದೊಂದಕ್ಕೂ ಗುರುತು ಹಾಕಬೇಕು, ಕೈಕೊಟ್ಟಿದ್ದು ಯಾವುದೆಂದು ಬರೆದು ಕೊಡಬೇಕು, ಇಲ್ಲದಿದ್ದರೆ ಬ್ಯಾಂಡಿನವರ ಡೋಲು ಕಾಯಲು ಹೊರಡಬೇಕು ಎಂದು ಮೇಡಂ ಕಡ್ಡಿ ಮುರಿದಂತೆ ಹೇಳಿದರು. ಹವಾಲ್ದಾರ ಸೆಲ್ಯೂಟ್ ಹೊಡೆದ. ಹೊಡೆದವನು ಇಪ್ಪತ್ತು ವರ್ಷದ ಅಭ್ಯಾಸಬಲದಿಂದ ಆ ಮ್ಯಾಗಜಿನ್ನನ್ನೂ ಉಳಿದವುಗಳ ಪೆಟ್ಟಿಗೆಗೇ ಹಾಕಿ, ಸರಿಯಾಗಿ ಕೂರಲೆಂದು ಎರಡು ಸಲ ಕುಲುಕಿ ಮುಚ್ಚಿಟ್ಟ. ಮುಚ್ಚಿದ ಮೇಲೆ ಮಾಡಿದ ತಪ್ಪು ಹೊಳೆಯಿತು. ಮುಚ್ಚಳ ತೆಗೆದು ನೋಡಿದರೆ ಇಪ್ಪತ್ನಾಲ್ಕೂ ಒಂದೇ ಅಚ್ಚು, ಒಂದೇ ಕಪ್ಪು. ಯಾವುದೂ ತಪ್ಪೊಪ್ಪಿಕೊಳ್ಳುವ ಹಾಗೆ ಕಾಣಲಿಲ್ಲ.

ಸೋಮವಾರ ಕಾಗದದ ಚೀಟಿ ಅಂಟಿಸಿದ. ಎಣ್ಣೆ ಸವರಿದ ಉಕ್ಕು ಚೀಟಿಗಳನ್ನು ಮಧ್ಯಾಹ್ನದೊಳಗೆ ಉದುರಿಸಿತು. ಹದಿಮೂರು ಎಂಬ ಚೀಟಿ ಅವನ ಬೆನ್ನಿಗೇ ಅಂಟಿ ಮನೆಯವರೆಗೂ ಬಂತು. ಮಂಗಳವಾರ ಮಾರ್ಕರ್ ಪೆನ್ನಿನಲ್ಲಿ ಬರೆದ. ಅಂಕಿಗಳೆಲ್ಲ ಅಭ್ಯರ್ಥಿಗಳ ಅಂಗೈಗೆ ಹತ್ತಿದವು, ಅಂಗೈಯಿಂದ ಕೆನ್ನೆಗೆ. ಬುಧವಾರ ಬಿಳಿ ಬಣ್ಣದಲ್ಲಿ, ಮ್ಯಾಗಜಿನ್ನಿನ ತಳದ ಮೇಲೆ ಒಂದು, ಎರಡು ಎಂದು ತಿದ್ದಿ ತಿದ್ದಿ ಬರೆದ. ಈ ಸಲ ಬಣ್ಣವೇನೋ ನಿಂತಿತು. ಆದರೆ ಒಬ್ಬ ಆರು ಕೆಟ್ಟಿದೆ ಎಂದ, ಇನ್ನೊಬ್ಬ ಅದೇ ಡಬ್ಬಿಯನ್ನು ಉಲ್ಟಾ ಹಿಡಿದು ಒಂಬತ್ತು ಕೆಟ್ಟಿದೆ ಎಂದ. ಇಬ್ಬರೂ ಜಗಳಕ್ಕೆ ನಿಂತರು. ಕೊನೆಗೆ ನೋಡಿದರೆ ಎರಡೂ ಕೆಟ್ಟಿರಲಿಲ್ಲ.

"ನಂಬರು ಯಾಕ್ರೀ ಬೇಕು?" ಎಂದಳು ಹೆಂಡತಿ, ಅವನ ಅಂಗಿಯ ಬಣ್ಣ ಉಜ್ಜುತ್ತಾ. "ನಮ್ಮ ನೆಂಟರಲ್ಲಿ ಯಾರು ಒಳ್ಳೆಯವರು, ಯಾರು ಕೈಕೊಡೋರು ಅಂತ ನಂಬರು ಹಾಕಿ ನೆನಪಿಟ್ಕೊಂಡಿದೀವಾ? ಹೆಸರಿಡ್ರೀ. ನೆಂಟರ ಹೆಸರೇ ಇಡಿ. ಸತ್ರೂ ಮರೆಯಲ್ಲ."

ಅವನಿಗೆ ಅದು ಸರಿ ಎನಿಸಿತು. ಗುರುವಾರ ಬೆಳಿಗ್ಗೆ ಹಳೆಯ ಅಂಕಿಗಳನ್ನು ಕೆರೆದು ತೆಗೆದು, ಸಣ್ಣ ಕುಂಚ ಹಿಡಿದು ಕೂತ. ದೊಡ್ಡಪ್ಪ, ದೊಡ್ಡಮ್ಮ, ಸೋದರಮಾವ, ಭಾವ, ನಾದಿನಿ, ಷಡ್ಡಕ, ಬೀಗರು... ಇಪ್ಪತ್ಮೂರಕ್ಕೆ ಬಂಧುಬಳಗ ಮುಗಿಯಿತು. ಒಂದು ಉಳಿಯಿತು. 'ಹೆಂಡತಿ' ಎಂದು ಬರೆಯುವಷ್ಟು ಧೈರ್ಯ ಅವನ ಇಪ್ಪತ್ತು ವರ್ಷದ ಸೇವೆಯಲ್ಲಿ ಬಂದಿರಲಿಲ್ಲ. ತುಸು ಹೊತ್ತು ಯೋಚಿಸಿ 'ನಾನು' ಎಂದು ಬರೆದ.

ಬಣ್ಣ ಒಣಗಿದ ಮೇಲೆ ಗುಂಡು ಹಾರಿಸಿ ನೋಡುವ ಕೆಲಸ ಶುರುವಾಯಿತು. ಅಭ್ಯರ್ಥಿಗಳಿಗೆ ಎಲ್ಲಿಲ್ಲದ ಹುರುಪು. "ಸೋದರಮಾವ ಸಲೀಸಾಗಿ ಹೋದ್ರು ಸಾರ್!" "ಚಿಕ್ಕಮ್ಮನಿಗೆ ಸ್ವಲ್ಪ ಎಣ್ಣೆ ಬೇಕು ಸಾರ್!" "ಅಳಿಯ ಒಳಗೇ ಬರ್ತಿಲ್ಲ ಸಾರ್, ಎರಡು ಏಟು ಹಾಕ್ಲಾ?" ನಡುವೆ ಮನೆಯಿಂದ ಫೋನು ಬಂತು.

"ಯಾರ್‍ರೀ ಕೆಟ್ಟೋರು? ಗೊತ್ತಾಯ್ತಾ?"

"ಇನ್ನೂ ಇಲ್ಲ. ಓರಗಿತ್ತಿವರೆಗೂ ಮುಗೀತು. ಎಲ್ಲಾ ಸರಿಯಾಗಿದೆ."

"ಓರಗಿತ್ತಿ ಸರಿಯಾಗಿದಾಳಾ? ನಾನು ನಂಬಲ್ಲ. ಇನ್ನೊಂದ್ಸಲ ನೋಡಿ."

ಇನ್ನೊಂದು ಸಲ ನೋಡಿದ. ಸರಿಯಾಗಿಯೇ ಇದ್ದಳು. ಇಪ್ಪತ್ಮೂರು ನೆಂಟರೂ ಗೆದ್ದರು. ಕೊನೆಯದನ್ನು ಹಾಕಿದರೆ ಒಂದು, ಎರಡು, ಮೂರು ಗುಂಡು ಹಾರಿ ನಾಲ್ಕನೆಯದಕ್ಕೆ ಪಿಸ್ತೂಲು ಕಚ್ಚಿಕೊಂಡಿತು. ಹವಾಲ್ದಾರನಿಗೆ ಕುಣಿಯುವಷ್ಟು ಸಂತೋಷವಾಯಿತು. ಡೋಲು ಕಾಯುವ ಗಂಡಾಂತರ ತಪ್ಪಿತಲ್ಲ! ಕೂತಲ್ಲೇ ವರದಿ ಬರೆದು ಸಹಿ ಹಾಕಿದ.

ಶುಕ್ರವಾರ ಮೈದಾನದಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. ಮೇಡಂ ಮೈಕಿನ ಮುಂದೆ ನಿಂತು ವರದಿಯನ್ನು ಗಟ್ಟಿಯಾಗಿ ಓದಿದರು. "ನಾನು ಬಹಳ ಹಳೆಯದು. ಒಳಗಿನ ಸ್ಪ್ರಿಂಗು ಸಡಿಲ. ನಾಲ್ಕನೆಯದಕ್ಕೆ ನಿಂತುಹೋಗುವುದು ಖಚಿತ. ನಾನು ಸೇವೆಗೆ ಯೋಗ್ಯವಲ್ಲ..."

ಅರವತ್ತು ಜನರೂ ನಗು ತಡೆದುಕೊಂಡು ನೆಲ ನೋಡಿದರು. ಮೇಡಂ ಮೈಕು ಆರಿಸಿದರು.

"ಏನ್ರೀ ಇದು?"

ಹವಾಲ್ದಾರ ಕೈಯಲ್ಲಿದ್ದ ಮ್ಯಾಗಜಿನ್ನಿನ ತಳ ತಿರುಗಿಸಿ ಬಿಳಿ ಅಕ್ಷರ ತೋರಿಸಿದ. ಮೇಡಂ ವರದಿಯನ್ನು ಅವನ ಮುಂದೆ ಹಿಡಿದರು.

"ಹೊಸದು ಬರಬೇಕಾದ್ರೆ ಈ ಕಾಗದದ ಕೆಳಗೆ ನನ್ನ ಸಹಿ ಬೇಕು, ಗೊತ್ತಾ? ಇದಕ್ಕೆ ನಾನು ಹೇಗ್ರೀ ಸಹಿ ಹಾಕ್ಲಿ?"

ಹವಾಲ್ದಾರನಿಗೆ ಅವರ ಕಷ್ಟ ಅರ್ಥವಾಯಿತು. ಪಾಪ ಎನಿಸಿತು.

"ಹೆಸರು ಬದಲಾಯಿಸಿಬಿಡ್ತೀನಿ ಮೇಡಂ, ಐದೇ ನಿಮಿಷ," ಎಂದ, ಮನಸಾರೆ. "'ಮೇಡಂ' ಅನ್ನೋದು ಇನ್ನೂ ಖಾಲಿ ಇದೆ."

ಮೇಡಂ ಅವನ ಜೇಬಿನ ಪೆನ್ನು ಕಸಿದುಕೊಂಡು, 'ನಾನು ಸೇವೆಗೆ ಯೋಗ್ಯವಲ್ಲ' ಎಂಬ ಸಾಲಿನ ಕೆಳಗೆ ಸಹಿ ಹಾಕಿ, ಮೊಹರನ್ನೂ ಒತ್ತಿದರು.