ಒಬ್ಬನೇ ಓಡಿಸಿದ ಕಾರು

ಮಧ್ವರಾಜ ಸುಳ್ಳು ಹೇಳಿದ್ದನ್ನು ಜಯಶೀಲ ಕಿವಿಯಾರೆ ಕೇಳಿದ.

ಫೋನಿನಲ್ಲಿದ್ದವನು ರಿಪೇರಿಗೆ ಬಂದ ಹಸಿರು ಕಾರಿನ ಒಡೆಯ ಪೃಥ್ವಿರಾಜ್. ಒಳಗೆ ಬೇರೆ ಬಣ್ಣ ಏನಾದರೂ ಕಂಡಿತೇ ಎಂದು ಅವನು ವಿಚಾರಿಸುತ್ತಿದ್ದ. "ಇಲ್ಲ, ಒಳಗೂ ಹಸಿರೇ ಉಂಟು. ತುಕ್ಕು ಮಾತ್ರ ಜೋರು," ಎಂದು ಮಧ್ವರಾಜ ಫೋನ್ ಇಟ್ಟ. ಆಮೇಲೆ ಆಗಷ್ಟೇ ಕತ್ತರಿಸಿದ ತಗಡಿನ ತುಂಡನ್ನು ಗೋಣಿಯಲ್ಲಿ ಸುತ್ತಿ, ಕಪಾಟಿನಲ್ಲಿಟ್ಟು ಬೀಗ ಹಾಕಿದ.

ಆ ತುಂಡಿನ ಒಳಮಡಿಕೆಯಲ್ಲಿ ಹಸಿರಿನ ಸುಳಿವೇ ಇರಲಿಲ್ಲ. ಇದ್ದದ್ದು ನೀಲಿ. ನವಿಲಿನ ಕತ್ತಿನಂತೆ ಹೊಳೆಯುವ ನೀಲಿ.

ಜಯಶೀಲ ರಬಾಳೆಯಲ್ಲಿ ಮಧ್ವರಾಜ ನಡೆಸುವ ಈ ಗ್ಯಾರೇಜಿಗೆ ವೆಲ್ಡರ್ ಆಗಿ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಇಲ್ಲಿಗೆ ಬರುವುದೆಲ್ಲ ಹಳೆಯ ಫಿಯೆಟ್‌ಗಳು. ಕೆಲಸ ಹೆಚ್ಚಾಗಿ ಸಿಲ್‌ನದು. ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ತಗಡಿನ ಪೆಟ್ಟಿಗೆಗೆ ಸಿಲ್ ಎನ್ನುತ್ತಾರೆ. ಇಡೀ ಕಾರನ್ನು ಹೊತ್ತು ನಿಂತಿರುವುದು ಅದೇ. ಮಳೆನೀರು ನಿಂತು ಅದನ್ನು ಒಳಗಿಂದ ತಿನ್ನುತ್ತದೆ. ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಬಾಗಿಲ ಚೌಕಟ್ಟಿಗೆ ಅಡ್ಡ ಆಧಾರ ಬೆಸೆಯದೆ ಕತ್ತರಿಸಿದರೆ ಕಾರಿನ ಮೈ ಕುಸಿಯುತ್ತದೆ. ಬಾಗಿಲು ಮತ್ತೆ ಕೂರುವುದಿಲ್ಲ.

ಬೇರೆ ಕೆಲಸವನ್ನೆಲ್ಲ ಜಯಶೀಲನಿಗೆ ಬಿಡುತ್ತಿದ್ದ ಮಧ್ವರಾಜ, ಮೊದಲು ಗ್ರೈಂಡರ್ ಹಿಡಿಯುವುದನ್ನು ಮಾತ್ರ ಬಿಡುತ್ತಿರಲಿಲ್ಲ. ಯಾವ ಕಾರೇ ಬರಲಿ, ಎಡಗಡೆಯಿಂದಲೇ ಶುರು. ಕತ್ತರಿಸಿದ ಮೇಲೆ ಮಂಡಿಯೂರಿ ಟಾರ್ಚ್ ಬಿಟ್ಟು ಒಳಗೆ ನೋಡುತ್ತಿದ್ದ. ಮಧ್ಯಾಹ್ನ ಡೊಂಬಿವಲಿಯಿಂದ ಊಟದ ಡಬ್ಬಿ ತರುವ ಅವನ ಹೆಂಡತಿ ಸುಂದರಿ, ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು.

"ಸಿಕ್ಕಿತಾ?"

"ಇಲ್ಲ."

ಅಷ್ಟೇ ಮಾತು. ಈ ಗಂಡ ಹೆಂಡತಿ ಜನರ ಹಳೆ ಕಾರುಗಳಲ್ಲಿ ಏನನ್ನು ಹುಡುಕುತ್ತಿದ್ದಾರೆ? ಯಾರೋ ಬಚ್ಚಿಟ್ಟ ಚಿನ್ನವನ್ನೇ? ಕೇಳುವ ಧೈರ್ಯ ಜಯಶೀಲನಿಗೆ ಇರಲಿಲ್ಲ.

ಆ ದಿನವೂ ಸುಂದರಿ ಕೇಳಿದಳು. ಮಧ್ವರಾಜ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು ಬೆಂಚಿನ ಮೇಲಿಟ್ಟ. ಅವಳು ಹಸಿರು ಕಾರಿನ ಎಡ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು, ಸುಟ್ಟಂತೆ ಹಿಂದಕ್ಕೆಳೆದಳು. ಅವತ್ತು ಇಬ್ಬರೂ ಊಟ ಮಾಡಲಿಲ್ಲ.

ಸಂಜೆ ಜಯಶೀಲ ಬಾಯಿಬಿಟ್ಟ.

"ಅಣ್ಣ, ಇದು ಕದ್ದ ಗಾಡಿ. ಬಣ್ಣ ಬದಲಾಯಿಸಿ ನಮ್ಮ ತಲೆಗೆ ಕಟ್ಟಿದ್ದಾನೆ. ಸಿಲ್‌ನ ಮುಂದಿನ ತುದಿಯಲ್ಲಿ ಸುತ್ತಿಗೆ ಪೆಟ್ಟಿನ ಗುರುತು ಉಂಟು, ಮೇಲೆ ಬೆರಳು ದಪ್ಪ ಪುಟ್ಟಿ ಮೆತ್ತಿ ಮುಚ್ಚಿದ್ದಾರೆ. ಪೊಲೀಸರಿಗೆ ಹೇಳುವ."

"ಹೇಳುವ. ಕಾರು ತನ್ನದೇ ಅಂತ ಅವನು ಮೊದಲು ಹೇಳಲಿ."

"ಕಳ್ಳ ಮತ್ತೆಂತ ಹೇಳ್ತಾನೆ?"

ಮಧ್ವರಾಜ ಹೊಸ ತಗಡನ್ನು ಅವನತ್ತ ಸರಿಸಿದ. "ನೀನು ವೆಲ್ಡಿಂಗ್ ಮಾಡು ಮಾರಾಯ. ಹೊಸ ಸಿಲ್ ಸರಿಯಾಗಿ ಕೂರಲಿ."

ಜಯಶೀಲನಿಗೆ ಅರ್ಥವಾಯಿತು, ಅಥವಾ ಹಾಗೆ ಅನ್ನಿಸಿತು. ಪೃಥ್ವಿರಾಜನನ್ನು ಹೆದರಿಸಿ ದುಡ್ಡು ಕೀಳುವ ಹೂಟ ಇದು. ಈ ಕಾರು ಹೊರಗೆ ಹೋದ ದಿನವೇ ತಾನೂ ಇಲ್ಲಿಂದ ಹೊರಡುವುದು ಎಂದು ನಿಶ್ಚಯಿಸಿಕೊಂಡ. ಸಿಲ್ ಮಾತ್ರ ಚೆನ್ನಾಗಿಯೇ ಬೆಸೆದ.

ಶನಿವಾರ ಪೃಥ್ವಿರಾಜ್ ಬಂದ. ಠಾಣೆ ಪಟ್ಟಣದಲ್ಲಿ ಎರಡು ಹೋಟೆಲುಗಳ ಮಾಲೀಕ, ನಲವತ್ತರ ಆಸುಪಾಸು. ಕಾರಿನ ಬಾಗಿಲನ್ನು ತೆರೆದು ಮುಚ್ಚಿ ಅದರ ಸದ್ದಿಗೆ ಖುಷಿಪಟ್ಟ. ಚೌಕಳಿ ಅಂಗಿಯ ಅಪರಿಚಿತನೊಬ್ಬ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಸುಂದರಿ ಗೋಡೆಗೆ ಒರಗಿ ನಿಂತಿದ್ದಳು.

"ಈ ಸಾಹೇಬರಿಗೆ ಇಂಥದ್ದೇ ಗಾಡಿ ಬೇಕಂತೆ," ಎಂದ ಮಧ್ವರಾಜ. "ಕೊಡ್ತೀರಾ?"

"ಕ್ಯಾ ಬಾತ್, ಅಣ್ಣ! ಇದನ್ನು ಮಾರೋದಾ?" ಪೃಥ್ವಿರಾಜ್ ನಕ್ಕ. "ಅಪ್ಪ ತಗೊಂಡ ಗಾಡಿ. ಅವರು ಹೋಗಿ ಹತ್ತು ವರ್ಷದ ಮೇಲಾಯ್ತು. ಆವತ್ತಿಂದ ನನ್ನ ಬಿಟ್ಟು ಯಾರೂ ಸ್ಟೇರಿಂಗ್ ಮುಟ್ಟಿಲ್ಲ. ಡ್ರೈವರಿಗೆ ಬಿಡಿ, ತಮ್ಮನಿಗೂ ಕೊಟ್ಟಿಲ್ಲ."

ಮಧ್ವರಾಜ ಕಪಾಟು ತೆರೆದು ಗೋಣಿ ಬಿಚ್ಚಿದ. ಪೃಥ್ವಿರಾಜನ ನಗು ಸಣ್ಣದಾಯಿತು.

"ಒಳಗೆ ಹಸಿರು ಅಂದಿದ್ರಿ."

"ನೀಲಿ ಉಂಟು."

"ಅದು... ಮೊದಲು ನೀಲಿಯೇ ಇತ್ತು. ಅಪ್ಪ ಮುಂದೆ ನಿಂತು ಕಲಸಿಸಿದ ಬಣ್ಣ. ಬೇರೆ ಯಾವ ಗಾಡಿಗೂ ಇರಲಿಲ್ಲ. ನನಗೆ ಬೋರ್ ಆಯ್ತು, ಚೇಂಜ್ ಮಾಡಿಸಿದೆ."

"ಕಬ್?" ಚೌಕಳಿ ಅಂಗಿಯವನು ಮೊದಲ ಸಲ ಬಾಯಿ ತೆರೆದ.

"ಲಾಕ್‌ಡೌನ್‌ಗಿಂತ ಹಿಂದಿನ ಮಳೆಗಾಲದಲ್ಲಿ. ಯಾಕೆ?"

ಅಪರಿಚಿತ ಚಹಾದ ಲೋಟ ಕೆಳಗಿಟ್ಟು ಜೇಬಿನಿಂದ ಗುರುತಿನ ಚೀಟಿ ತೆಗೆದು ತೋರಿಸಿದ. ಪೊಲೀಸ್.

ಪೃಥ್ವಿರಾಜ್ ದೊಡ್ಡದಾಗಿ ಉಸಿರುಬಿಟ್ಟು ಮಧ್ವರಾಜನತ್ತ ತಿರುಗಿದ. "ಅಯ್ಯೋ ಅಣ್ಣ, ಬಣ್ಣ ನೋಡಿ ಚೋರಿ ಗಾಡಿ ಅಂದುಕೊಂಡ್ರಾ? ಅದಕ್ಕೆ ಪೊಲೀಸ್ ಬೇಕಿತ್ತಾ? ಗಾಡಿ ನಂದೇ. ಯಾರನ್ನು ಬೇಕಾದರೂ ಕೇಳಿ. ಯಾವತ್ತೂ ನಂದೇ!"

ಜಯಶೀಲ ನಾಚಿ ತಲೆ ತಗ್ಗಿಸಿದ. ಕದ್ದ ಗಾಡಿ ಎಂದು ಮೊದಲು ಅಂದವನು ತಾನೇ. ಪಾಪ, ಒಬ್ಬ ಮರ್ಯಾದಸ್ಥನನ್ನು ಹೀಗೆ ನಿಲ್ಲಿಸಬಾರದಿತ್ತು.

ಸುಂದರಿ ಗೋಡೆ ಬಿಟ್ಟು ಮುಂದೆ ಬಂದಳು. ಅವಳ ದನಿ ಏರಲಿಲ್ಲ.

"ನಿಮ್ಮದೇ ಅಂತ ಗೊತ್ತು. ನಿಮ್ಮನ್ನು ಬಿಟ್ಟು ಯಾರೂ ಓಡಿಸಲಿಲ್ಲ, ಅದನ್ನು ನಿಮ್ಮ ಬಾಯಿಂದ ಕೇಳಬೇಕಿತ್ತು. ಆ ಮಳೆಗಾಲದಲ್ಲಿ ಶೀಲ್ ಫಾಟಾದ ಹತ್ತಿರ ನೀವು ಈ ಎಡಬದಿಯಿಂದ ಒಂದು ಸ್ಕೂಟರಿಗೆ ಬಡಿದು ನಿಲ್ಲಿಸದೆ ಹೋದಿರಲ್ಲ, ಅದರ ಮೇಲೆ ಈ ನೀಲಿ ಇವತ್ತಿಗೂ ಮೆತ್ತಿಕೊಂಡು ಉಂಟು. ಬಡಿದದ್ದು ಹಳೆ ಫಿಯೆಟ್ ಅಂತ ಕಂಡವರು ಹೇಳಿದ್ದರು. ಆ ಸ್ಕೂಟರ್ ಓಡಿಸುತ್ತಿದ್ದು ಅಲ್ಲೇ ಜೀವ ಬಿಟ್ಟವಳು ನಮ್ಮ ಮಗಳು ದಿಶಾ."