ಐವತ್ತೆರಡು ಡಿಗ್ರಿಯ ಹೆಣ್ಣು

ನಮ್ಮೂರಿನಲ್ಲಿ ಎಲ್ಲರೂ ತಮ್ಮ ಹುಟ್ಟುಕೋನಕ್ಕೇ ವಾಲಿ ನಿಲ್ಲುವವರು. ಗಂಡು ಹೆಣ್ಣಿನ ಕೋನ ಕೂಡಿ ತೊಂಬತ್ತಾದರೆ ಮಾತ್ರ ಮದುವೆ. ನನ್ನದು ಐವತ್ತೆರಡು ಡಿಗ್ರಿ. ಆದರೂ ಅಪ್ಪ ನನ್ನ ಕೋನದ ಪತ್ರದಲ್ಲಿ ನಲವತ್ತೈದು ಎಂದು ಬರೆಸಿದ್ದ. ನಲವತ್ತೈದಕ್ಕೆ ನಲವತ್ತೈದೇ ಜೋಡಿ, ಯಾರೂ ಯಾರಿಗೂ ತಗ್ಗಬೇಕಿಲ್ಲ ಎಂಬುದು ಅವನ ವಾದ. ಉಳಿದ ಏಳು ಡಿಗ್ರಿಯನ್ನು ಸೀರೆಯ ನೆರಿಗೆಯಲ್ಲಿ ಮುಚ್ಚಿದೆವು.

ನೋಡಲು ಬಂದ ವರ ಫಕ್ಕೀರೇಶನ ಪತ್ರದಲ್ಲೂ ನಲವತ್ತೈದೇ ಇತ್ತು. ಪತ್ರ ನೋಡಿ ತಲೆಯಾಡಿಸುವುದು ಕೋನ ನೋಡುವವರ ರೂಢಿ. ಆದರೆ ಅಂದು ಬಂದಿದ್ದ ಗುರುಪಾದಪ್ಪ ಚಹಾ ಮುಗಿಸಿ, ಚೀಲದಿಂದ ಹಿತ್ತಾಳೆಯ ಕೋನಮಾಪಕ ತೆಗೆದರು.

"ಹುಡುಗಿ ಐವತ್ತೆರಡು," ಎಂದರು. ಫಕ್ಕೀರೇಶನ ಬೂಟು ಬಿಚ್ಚಿಸಿದರು. ಹಿಮ್ಮಡಿಯಡಿ ಮಡಚಿದ ರಟ್ಟು ಸಿಕ್ಕಿತು. "ಹುಡುಗ ಮೂವತ್ತೆಂಟು. ಕೂಡಿಸಿದ್ರ ಬರೋಬ್ಬರಿ ತೊಂಬತ್ತು! ಇಂಥಾ ಜೋಡಿ ಹುಡುಕಿದ್ರೂ ಸಿಗೂದಿಲ್ರಿ."

ಯಾರೂ ಕೇಳಿಸಿಕೊಳ್ಳಲಿಲ್ಲ.

"ಸುಳ್ಳು ಹೇಳಿ ಹೆಣ್ಣು ಕೊಡಾಕ ನಿಂತೀರೇನು?" ಎಂದು ವರನ ತಂದೆ ಬಡಿಗೆ ಎತ್ತಿದ.

"ಬೂಟಿನ್ಯಾಗ ರಟ್ಟು ಇಟ್ಟವರು ನಮಗ ಹೇಳ್ತೀರೇನು?" ಎಂದು ಅಪ್ಪನೂ ಎತ್ತಿದ.

ಎರಡು ಬಡಿಗೆಗಳು ಕತ್ತರಿಯಂತೆ ಅಡ್ಡಬಿದ್ದವು. ಅವು ಕೂಡಿದ ಕಡೆ ಗುರುಪಾದಪ್ಪ ಮಾಪಕ ಹಿಡಿದು, "ನಿಮ್ಮ ಕಡೆ ಎಷ್ಟೋ, ಅವರ ಕಡೆನೂ ಅಷ್ಟ ಐತ್ರಿ," ಎಂದರು. ಬರಿಗಾಲಲ್ಲಿ ನಿಂತಿದ್ದ ಫಕ್ಕೀರೇಶ ನನ್ನನ್ನು ನೋಡಿ ನಕ್ಕ. ಅವನ ತಂದೆ ಅವನನ್ನು ಎಳೆದುಕೊಂಡು ಹೋದ.

ಅಪ್ಪ ಬೆವರು ಒರೆಸಿಕೊಂಡು ನನ್ನತ್ತ ತಿರುಗಿದ.

"ನಾಳೆ ಇನ್ನೊಬ್ರು ಬರ್ತಾರ. ಅವರ ಹುಡುಗಂದೂ ನಲವತ್ತೈದಂತ. ನೆರಿಗಿ ಇನ್ನೆರಡು ಹೆಚ್ಚಿಗಿ ಹಿಡಿ."